ಗಿಣ್ಣದ ರೊಟ್ಟಿ ಮಾಡಿದ ದಿನ

ನನ್ನ ಮೊಮ್ಮಗಳು ಎರಡು ಬ್ರೆಡ್ಡಿನ ನಡುವೆ ಚೀಸ್ ಇಟ್ಟು, ಅದರ ಮೇಲೆ ಜೇನುತುಪ್ಪ ಸುರಿದು, ಒಣಮೆಣಸಿನಕಾಯಿಯ ಚೂರು ಉದುರಿಸಿ, ಕಾದ ಯಂತ್ರದಲ್ಲಿ ಒತ್ತಿ ತೆಗೆಯುತ್ತಾಳೆ. 'ಅಜ್ಜಿ, ಇದು ಹೊಸ ರುಚಿ, ನೀನು ಯಾವತ್ತೂ ತಿಂದಿರಲಿಕ್ಕಿಲ್ಲ' ಎಂದು ತಟ್ಟೆಯನ್ನು ನನ್ನ ಮೂಗಿನ ಕೆಳಗೇ ಹಿಡಿಯುತ್ತಾಳೆ. ಇವರು ಹುಟ್ಟುವುದಕ್ಕೆ ಮೊದಲು ಲೋಕದಲ್ಲಿ ಯಾರಿಗೂ ನಾಲಿಗೆಯೇ ಇರಲಿಲ್ಲವೇನೋ! ಹಲ್ಲಿಲ್ಲ ಎಂದು ನೆಪ ಹೇಳಿ ತಟ್ಟೆಯನ್ನು ಆಚೆ ಸರಿಸುತ್ತೇನೆ. ಆ ವಾಸನೆ ಮನೆಯಿಂದ ಹೋಗುವವರೆಗೂ ಅಂಗಳದಲ್ಲೇ ಕೂತಿರುತ್ತೇನೆ. ಯಾಕೆಂದು ಈವರೆಗೆ ಯಾರಿಗೂ ಹೇಳಿಲ್ಲ. ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡವರಿದ್ದರು. ಈಗ ಬರೆಯುತ್ತೇನೆ.

ಸಿಹಿ, ಖಾರ, ಗಟ್ಟಿಯಾದ ಹಾಲು, ಬೆಣ್ಣೆಯಲ್ಲಿ ಕೆಂಪಾದ ರೊಟ್ಟಿ. ಇವೆಲ್ಲ ಸೇರಿದ ತಿನಿಸು ನಮ್ಮ ಮನೆಯಲ್ಲೂ ಇತ್ತು. ಯಲಬುರ್ಗಾ ತಾಲೂಕಿನ ಒಂದು ಹಳ್ಳಿ ನಮ್ಮದು. ನಿಜಾಮರ ಆಳ್ವಿಕೆಯ ಕಾಲ, ನನಗೆ ಒಂಬತ್ತು ವರ್ಷ. ಆ ತಿನಿಸಿಗೆ ನಾವು ಗಿಣ್ಣದ ರೊಟ್ಟಿ ಎನ್ನುತ್ತಿದ್ದೆವು. ಮಾಡುತ್ತಿದ್ದವಳು ಆಯಿ, ಅಂದರೆ ಅಪ್ಪನ ತಾಯಿ. ಅವ್ವನಿಗೆ ಅದು ಕೈಗೆ ಹತ್ತಿರಲಿಲ್ಲ. ಆಯಿ ಅದನ್ನು ಆಗಾಗ ಎತ್ತಿ ಆಡುತ್ತಿದ್ದಳು, ಅವ್ವ ಕೇಳಿಸದವಳಂತೆ ಒಲೆ ಊದುತ್ತಿದ್ದಳು.

ಆಕಳು ಕರು ಹಾಕಿದ ಮೇಲೆ ಮೊದಲು ಕರೆಯುವ ದಪ್ಪ ಹಳದಿ ಹಾಲೇ ಗಿಣ್ಣದ ಹಾಲು. ಬೇರೆಯವರು ಅದಕ್ಕೆ ಬೆಲ್ಲ ಬೆರೆಸಿ ಬೇಯಿಸಿ ತಿನ್ನುತ್ತಾರೆ. ಆಯಿ ಬರೀ ಚಿಟಿಕೆ ಉಪ್ಪು ಹಾಕಿ, ಕಲಾಯಿ ಪಾತ್ರೆಗೆ ಸುರಿದು, ಕುದಿಯುವ ನೀರಿನ ಗಡಿಗೆಯೊಳಗಿಟ್ಟು ಮುಚ್ಚುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಅದು ಗಟ್ಟಿಯಾಗಿ, ಬೆರಳಿನಿಂದ ಒತ್ತಿದರೆ ಪುಟಿಯುತ್ತಿತ್ತು. ಚಾಕು ಮುಟ್ಟಿಸುತ್ತಿರಲಿಲ್ಲ, ನೂಲಿನ ಎಳೆಯಿಂದ ತೆಳ್ಳಗೆ ಕೊಯ್ಯುತ್ತಿದ್ದಳು. ಜೋಳದ ರೊಟ್ಟಿ ಹಂಚಿನ ಮೇಲೆ ಉಬ್ಬಿದಾಗ ಅದರ ಅಂಚನ್ನು ಒಂದು ಕಡೆ ಸೀಳಿದರೆ ಒಳಗೆ ಚೀಲದ ಹಾಗೆ ಜಾಗ ಆಗುತ್ತದೆ. ಬಿಸಿ ಉಸಿರು ಬೆರಳು ಸುಡುತ್ತದೆ, ಅದಕ್ಕೆ ಅಂಜಬಾರದು. ಒಳಗಡೆ ಹಣ್ಣುಮೆಣಸಿನಕಾಯಿ, ಬೆಳ್ಳುಳ್ಳಿ, ಲಿಂಬೆಹುಳಿ ಹಾಕಿ ಅರೆದ ರಂಜಕ ಸವರಬೇಕು. ಅದರ ಮೇಲೆ ಗಿಣ್ಣದ ಹಾಳೆ, ಅದರ ಮೇಲೆ ಹೆರೆದ ಬೆಲ್ಲ. ಮತ್ತೆ ಹಂಚಿಗೆ ಹಾಕಿ, ಬೆಣ್ಣೆ ಬಿಟ್ಟು, ಮೇಲೆ ಒಂದು ಕಂಚಿನ ತಟ್ಟೆ ಬೋರಲು ಹಾಕಿ, ಅದರ ಮೇಲೆ ಕಲ್ಲಿನ ಗುಂಡು ಇಡಬೇಕು. ಬೆಲ್ಲ ಕರಗಿ ಸೀಳಿನಿಂದ ಹೊರಬಂದು ಹಂಚಿನ ಮೇಲೆ ಚುರ್ ಎಂದಾಗ ತೆಗೆಯಬೇಕು. ಮೊದಲ ತುತ್ತಿಗೆ ಕಣ್ಣಲ್ಲಿ ನೀರು, ಎರಡನೆಯದಕ್ಕೆ ಬಾಯಲ್ಲಿ.

ಆ ವರ್ಷ ಕರು ಹಾಕಿದ್ದು ಅಕ್ಕ ಸಾಕಿದ ಆಕಳು. ಅದು ಹುಟ್ಟಿದಾಗ ಬದುಕುವುದೇ ಇಲ್ಲ ಎಂದಿದ್ದರು. ಅಕ್ಕ ಅದನ್ನು ತನ್ನ ಕೌದಿಯಲ್ಲಿ ಸುತ್ತಿಕೊಂಡು, ಬೆರಳಿಗೆ ಹಾಲು ಹಚ್ಚಿ ಚೀಪಿಸಿ ಬೆಳೆಸಿದ್ದಳು. ಎರಡು ವರ್ಷದ ಹಿಂದೆ ಅಕ್ಕನನ್ನು ಕುಷ್ಟಗಿಯ ಕಡೆ ಮದುವೆ ಮಾಡಿ ಕೊಟ್ಟಿದ್ದೆವು. ಆಕೆಯ ಅತ್ತೆ ಎಂಥ ಹೆಂಗಸೆಂದರೆ ಒಂದು ಸಲವೂ ತವರಿಗೆ ಕಳಿಸಲಿಲ್ಲ. ಚೊಚ್ಚಲ ಹೆರಿಗೆಯನ್ನೂ ಅಲ್ಲೇ ಮಾಡಿಸಿಕೊಂಡಳು. ಐದು ತಿಂಗಳ ಕೂಸಿನ ಮುಖವನ್ನು ನಾವಿನ್ನೂ ನೋಡಿರಲಿಲ್ಲ. ಆದರೆ ನಮ್ಮಲ್ಲಿ ಒಂದು ರೂಢಿ ಇತ್ತು. ಆಕಳಿನ ಚೊಚ್ಚಲ ಗಿಣ್ಣವನ್ನು ಅದನ್ನು ಸಾಕಿದ ಕೈ ಮೊದಲು ಮುಟ್ಟಬೇಕು, ಇಲ್ಲದಿದ್ದರೆ ಆಕಳು ಹಾಲು ಕಟ್ಟಿಕೊಳ್ಳುತ್ತದೆ ಎಂದು. ಮನುಷ್ಯರ ಕಣ್ಣೀರಿಗೆ ಕರಗದ ಆ ಅತ್ತೆ ಆಕಳಿನ ಶಾಪಕ್ಕೆ ಹೆದರಿದಳು. ಹೇಳಿ ಕಳಿಸಿದರೆ ಕಳಿಸುತ್ತೇನೆ ಎಂದು ಮೊದಲೇ ಒಪ್ಪಿದ್ದಳು.

ಕರು ಹಾಕಿದ ದಿನ ಮಧ್ಯಾಹ್ನವೇ ಅಪ್ಪ ಗಾಡಿ ಹೂಡಿದ. ಹೊರಡುವ ಮುನ್ನ ಮನೆಯನ್ನೆಲ್ಲ ಜಾಲಾಡಿದ. ಕಾಳಿನ ಕಣಜಗಳಿದ್ದ ಕೋಣೆ, ಅಟ್ಟ, ದನದ ಗೋದಲಿ, ಒಂದನ್ನೂ ಬಿಡಲಿಲ್ಲ. ಕೊಪ್ಪಳದ ಕಡೆಯಿಂದ ಬಂದ ಗಾಡಿಯವರು ಹಿಟ್ನಾಳದ ಹಾದಿಯಲ್ಲಿ ಜನ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದಾರೆ ಎಂದು ಹೇಳಿ ಹೋಗಿ ಎಂಟು ದಿನವಾಗಿತ್ತು. ಜನ ಊರು ಬಿಟ್ಟು ಹೊಲಕ್ಕೆ ಬಿದ್ದರೆ ಅದಕ್ಕೆ ಒಂದೇ ಅರ್ಥ. ಪ್ಲೇಗಿನ ಹೆಸರನ್ನು ನಮ್ಮಲ್ಲಿ ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. 'ಇಲಿ ಬಿದ್ದಾವ' ಎಂದರೆ ಸಾಕು. ಯಾವ ಮನೆಯಲ್ಲಿ ಇಲಿ ತಾನಾಗಿ ಸತ್ತು ಬಿದ್ದಿತೋ ಆ ಮನೆಯವರು ಅವತ್ತೇ ಒಲೆ ಆರಿಸಿ, ಬಾಗಿಲಿಗೆ ಬೀಗ ಹಾಕಿ, ಹೊಲಕ್ಕೆ ಹೋಗಬೇಕು. ಅಪ್ಪನ ತಮ್ಮ ಸತ್ತದ್ದು ಹೀಗೇ. ಹಿಂದಿನ ಒಂದು ಸಲ ಇಲಿ ಬಿದ್ದದ್ದನ್ನು ಕಂಡೂ ಜೋಳ ಕಟ್ಟಿಕೊಳ್ಳಲು ಒಂದು ದಿನ ತಡ ಮಾಡಿದ್ದರಂತೆ.

ಅಪ್ಪ ಗಾಡಿಯ ಮೇಲೆ ಕೂತು ಹೇಳಿದ್ದು ಈಗಲೂ ಕಿವಿಯಲ್ಲಿದೆ. 'ಒಂದು ಇಲಿ ಬಿದ್ರೂ ಹಾದಿಗೆ ಆಳು ಕಳಸ್ರಿ. ಗಾಡಿ ಎಲ್ಲಿದ್ರೂ ಅಲ್ಲಿಂದನ ತಿರುಗಿಸಿ ಅಕೀನ್ನ ಬಿಟ್ಟು ಬರ್ತೀನಿ. ಕೂಸಿನ ತಾಯಿ ಅದಾಳ.'

'ಆತು ಹೋಗಪ್ಪ. ಛಲೋ ಮಾತು ಆಡಿ ಹೋಗು' ಎಂದಳು ಆಯಿ.

ಅಂದು ಸಂಜೆ ರಂಜಕಕ್ಕೆ ಲಿಂಬೆಹಣ್ಣು ತರಲು ಆಯಿ ನನ್ನನ್ನು ಪಕ್ಕದ ಮನೆಗೆ ಕಳಿಸಿದಳು. ಅವರ ಹಿತ್ತಲಲ್ಲಿ ಲಿಂಬೆಯ ಗಿಡವಿತ್ತು. ಬಾಗಿಲಿಗೆ ದೊಡ್ಡ ಬೀಗ. ಎದುರು ಕಟ್ಟೆಯ ಮೇಲಿದ್ದ ಮುದುಕ, ಅವರೆಲ್ಲ ಮುಂಜಾನೆಯೇ ಮದುವೆಗೆ ಹೋದರು ಎಂದ. ನಾನು ಬಂದು ಅದನ್ನೇ ಹೇಳಿದೆ. ಆಯಿ ಮೆಣಸಿನಕಾಯಿಯ ತೊಟ್ಟು ಮುರಿಯುವುದನ್ನು ನಿಲ್ಲಿಸಿದಳು.

'ಮದವಿ? ಧನುರ್ಮಾಸದಾಗ ಯಾರ ಮದವಿ?'

ಆಯಿ ಎದ್ದು ಹೋಗಿ ಕಣಜದ ಕೋಣೆಯ ಗೋಡೆಯನ್ನು ಅಂಗೈಯಿಂದ ಒಮ್ಮೆ ಮುಟ್ಟಿದಳು. ಆ ಗೋಡೆ ಅವರಿಗೂ ನಮಗೂ ಒಂದೇ. ಗೋಡೆಗೆ ಜ್ವರ ಬಂದಿದೆಯೇ ಎಂದು ನೋಡಿದ ಹಾಗಿತ್ತು. ಆಮೇಲೆ ಬಂದು ಲಿಂಬೆಯ ಬದಲು ಹುಣಸೆ ನೆನೆಹಾಕಿದಳು. ನಮ್ಮ ಬೆಕ್ಕು ಎರಡು ದಿನದಿಂದ ಮನೆಗೆ ಬಂದಿಲ್ಲ ಎಂಬುದು ನನಗೆ ಆಗ ನೆನಪಾಯಿತು. ಹೇಳಲಿಲ್ಲ. ಹೇಳಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು.

ಮರುದಿನ ಬೆಳಗ್ಗೆ ಗಿಣ್ಣ ಗಟ್ಟಿಯಾಗಿ ಕೂತಿತ್ತು. ಆಯಿ ಹಿಟ್ಟು ನಾದಲು ಕೂತವಳು, 'ಬೆಲ್ಲದ ಗಡಿಗಿ ತಗೊಂಡು ಬಾ' ಎಂದು ನನ್ನನ್ನು ಕೋಣೆಗೆ ಕಳಿಸಿದಳು. ಗಂಗಾವತಿಯ ಕಡೆಯಿಂದ ತರಿಸಿದ ಕರಿ ಬೆಲ್ಲ, ಕಣಜದ ಹಿಂದೆ ಇರುತ್ತಿತ್ತು. ನಾನು ಬಗ್ಗಿದೆ. ಗಡಿಗೆಯ ಪಕ್ಕದಲ್ಲಿ ಒಂದು ಇಲಿ.

ಓಡಲಿಲ್ಲ ಅದು. ಕುಡಿದವರಂತೆ ಒಂದು ಸುತ್ತು ತಿರುಗಿತು, ಮತ್ತೊಂದು ಸುತ್ತು ತಿರುಗಿತು, ನನ್ನ ಕಾಲಿನ ಹತ್ತಿರ ಬಂತು, ಅಲ್ಲೇ ಅಡ್ಡ ಬಿತ್ತು. ಬಾಯಿಯ ಹತ್ತಿರ ಒಂದು ಕೆಂಪು ಚುಕ್ಕೆ ಕಾಣಿಸಿತು. ಅದರ ಹೊಟ್ಟೆ ಏರಿ ಇಳಿಯುವುದು ನಿಲ್ಲುವವರೆಗೂ ನಾನು ನೋಡುತ್ತ ನಿಂತೆ.

ಕೂಗಿದ್ದರೆ ಆಗುತ್ತಿತ್ತು. ಅವ್ವ ನಾಲ್ಕು ಹೆಜ್ಜೆಯಾಚೆ ಇದ್ದಳು. ಬಾಯಿ ತೆರೆದೆ ಕೂಡ. ಆದರೆ ನನ್ನ ಕಣ್ಣಿಗೆ ಬಂದದ್ದು ಗಾಡಿ. ಆ ಹೊತ್ತಿಗೆ ಅದು ಕುಷ್ಟಗಿ ದಾಟಿ ನಮ್ಮ ಕಡೆಗೆ ಬರುತ್ತಿರಬೇಕು. ಅಕ್ಕ ಕೂಸಿಗೆ ಸೆರಗು ಮುಚ್ಚಿಕೊಂಡು ಕೂತಿರಬೇಕು. ಆಳು ಎದುರಿಗೆ ಓಡಿ ಬಂದು ಕೈ ಅಡ್ಡ ಹಿಡಿದರೆ ಅಪ್ಪ ಎತ್ತುಗಳನ್ನು ತಿರುಗಿಸುತ್ತಾನೆ. ಅಕ್ಕ ಆ ಅತ್ತೆಯ ಮನೆಗೇ ವಾಪಸ್ಸು. ಇನ್ನೊಮ್ಮೆ ಕಳಿಸುತ್ತಾರೆಯೇ? ಎರಡು ವರ್ಷ ನಾನು ಒಬ್ಬಳೇ ಮಲಗಿದ್ದೆ, ಅಕ್ಕನ ಹಳೆಯ ಸೀರೆ ಹೊದ್ದುಕೊಂಡು. ಸುಳ್ಳು ಯಾಕೆ ಹೇಳಲಿ, ಗಿಣ್ಣದ ರೊಟ್ಟಿಯ ಆಸೆಯೂ ಇತ್ತು. ಒಂದೇ ಇಲಿ, ಎಂದುಕೊಂಡೆ. ಒಂದು ಇಲಿ ವಯಸ್ಸಾಗಿಯೂ ಸಾಯಬಹುದು.

ಒಲೆಯ ಹತ್ತಿರದ ಇಕ್ಕಳವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ತಂದೆ. ಇಲಿಯ ಬಾಲ ಹಿಡಿದೆ. ಹಿತ್ತಲ ಬಾಗಿಲಿನಿಂದ ಹೋಗಿ ತಿಪ್ಪೆಯಲ್ಲಿ ಮೊಳಕೈಯುದ್ದ ಗುಂಡಿ ತೋಡಿ ಹಾಕಿ, ಮೇಲೆ ಒಂದು ಬುಟ್ಟಿ ಬೂದಿ ಸುರಿದೆ. ಇಕ್ಕಳವನ್ನು ಬಾನಿಯ ನೀರಿನಲ್ಲಿ ಮೂರು ಸಲ ತೊಳೆದೆ. ಬೆಲ್ಲದ ಗಡಿಗೆ ತಂದು ಆಯಿಯ ಮುಂದೆ ಇಟ್ಟೆ.

ಆಯಿ ಹಂಚು ಸರಿಸಲು ಇಕ್ಕಳಕ್ಕೆ ಕೈ ಹಾಕಿದಳು. ಅದನ್ನು ತಿರುಗಿಸಿ ನೋಡಿದಳು.

'ಇಕ್ಕಳ ಯಾಕ ಹಸಿ ಐತಿ?'

'ಮಸಿ ಹತ್ತಿತ್ತು, ತೊಳದೀನಿ.'

ಆಯಿ ನನ್ನ ಮುಖವನ್ನು ನೋಡಿದಳು. ಹುಟ್ಟಿದಾಗಿನಿಂದ ನಾನು ಹೇಳದೆ ಒಂದು ಚಮಚ ತೊಳೆದವಳಲ್ಲ. ಆಯಿಗೆ ಅದು ಗೊತ್ತಿತ್ತು. ಆಯಿ ಇಕ್ಕಳವನ್ನು ಒಲೆಯ ಕೆಂಡದಲ್ಲಿ ಇಟ್ಟು, ಅದು ಕೆಂಪಗಾಗುವವರೆಗೂ ಕಾಯಿಸಿದಳು. ಆಮೇಲೆ ಎದ್ದು ಹಿತ್ತಲಿಗೆ ಹೋಗಿ ಬಂದಳು. ಬಂದವಳು ಕೈ ತೊಳೆದು ಮತ್ತೆ ಹಿಟ್ಟಿಗೆ ಕೂತಳು. ಅವ್ವ ಆಕಳಿನ ಹತ್ತಿರ ಇದ್ದಳು, ಅವಳಿಗೆ ಇದಾವುದೂ ಗೊತ್ತಾಗಲಿಲ್ಲ.

ಮಧ್ಯಾಹ್ನ ಗಾಡಿ ಬಂತು. ಅಕ್ಕ ಇಳಿದ ಕೂಡಲೇ ನಾನು ಅವಳ ಸೊಂಟಕ್ಕೆ ಜೋತುಬಿದ್ದೆ. ಎಷ್ಟು ಸೊರಗಿದ್ದಳು! ಕೂಸು ಮಾತ್ರ ಗುಂಡಗೆ ಇತ್ತು. ಅಪ್ಪ ನೊಗ ಇಳಿಸುವ ಮೊದಲೇ ಕೇಳಿದ.

'ಇಲಿ?'

'ಯಾವ ಇಲಿನೂ ಇಲ್ಲ' ಎಂದಳು ಅವ್ವ. ಅವಳದು ಖರೆ ಮಾತು.

ಅಪ್ಪ ನನ್ನ ಕಡೆ ತಿರುಗಿದ. ಮನೆಯ ಸಂದುಗೊಂದಿಗಳೆಲ್ಲ ನನಗೇ ಹೆಚ್ಚು ಗೊತ್ತು ಎಂದು ಅವನಿಗೆ ಗೊತ್ತಿತ್ತು. 'ನೀ ನೋಡಿಯೇನು?'

'ಇಲ್ಲಪ್ಪ.'

ಬಾಗಿಲಲ್ಲಿ ಆಯಿ ನಿಂತಿದ್ದಳು, ಕೈಯಲ್ಲಿ ಹಿಟ್ಟು. ನನ್ನ ಮಾತು ಕೇಳಿ ಒಲೆಯ ಕಡೆ ತಿರುಗಿದಳು.

ಅಕ್ಕ ಮೊದಲು ಆಕಳಿನ ಕೊರಳು ತಬ್ಬಿಕೊಂಡಳು, ಆಮೇಲೆ ಗಿಣ್ಣ ಮುಟ್ಟಿದಳು. ಆಯಿ ಒಂದಾದ ಮೇಲೆ ಒಂದು ರೊಟ್ಟಿ ಸೀಳಿ, ತುಂಬಿ, ಹಂಚಿಗೆ ಹಾಕಿದಳು. ಅಕ್ಕ ನಾಲ್ಕು ತಿಂದಳು. ತಿನ್ನುತ್ತ ಮೂಗು ಒರೆಸಿಕೊಳ್ಳುತ್ತಿದ್ದಳು. ಖಾರಕ್ಕೋ ಅಳುವಿಗೋ ಎಂದು ಕೇಳಿದರೆ, ಎರಡಕ್ಕೂ ಎಂದು ನಕ್ಕಳು. ಕೂಸಿನ ನಾಲಿಗೆಗೆ ಕರಗಿದ ಬೆಲ್ಲ ಹಚ್ಚಿದರು. ನನಗೆ ಮೂರು ಕೊಟ್ಟರು. ಅದಕ್ಕಿಂತ ರುಚಿಯಾದದ್ದನ್ನು ನಾನು ಆಮೇಲೆ ತಿಂದಿಲ್ಲ, ಅದೇ ನನ್ನ ಕರ್ಮ. ಗಂಟಲಲ್ಲಿ ಸಿಕ್ಕಿಕೊಂಡಿದ್ದರೆ, ಕಹಿಯಾಗಿದ್ದರೆ, ಇವತ್ತು ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು. ಬೆರಳು ನೆಕ್ಕಿ ನೆಕ್ಕಿ ತಿಂದೆ. ಕಣ್ಣು ಮಾತ್ರ ಆಗಾಗ ಕೋಣೆಯ ಬಾಗಿಲಿಗೆ ಹೋಗುತ್ತಿತ್ತು.

ಅವ್ವ ಅಕ್ಕನಿಗೆ ಹಾಸಿಗೆಯನ್ನು ಆ ಕೋಣೆಯಲ್ಲೇ ಹಾಕಿದ್ದಳು. ಚಳಿಗಾಲದಲ್ಲಿ ಮನೆಯಲ್ಲಿ ಬೆಚ್ಚಗಿರುವ ಜಾಗ ಅದೊಂದೇ. ಆಯಿ ಹಾಸಿಗೆಯನ್ನು ಸುರುಳಿ ಸುತ್ತಿ ಹೊರಗೆ ತಂದಳು.

'ಕೂಸಿನ್ನ ತಗೊಂಡು ಪಡಸಾಲ್ಯಾಗ ಮಲಗು, ನನ್ನವ್ವ. ಇಲ್ಲಿ ಕಾಳಿನ ಧೂಳ ಭಾಳ ಐತಿ. ನಾ ಮಲಗ್ತೀನಿ ಇಲ್ಲಿ.'

'ನಿನಗ ದಮ್ಮ ಐತೆಲ್ಲ ಆಯಿ, ಧೂಳ ಆಗ್ತೈತೇನು?' ಎಂದಳು ಅಕ್ಕ.

'ಇಷ್ಟು ವರ್ಷ ಆಗಲಾರದ್ದು ಒಂದಿನಕ್ಕ ಏನಾಗ್ತೈತಿ?'

ನನಗೆ ಎಷ್ಟು ಸಮಾಧಾನವಾಯಿತೆಂದರೆ ಆಯಿಯ ಬಗ್ಗೆ ಯೋಚಿಸಲೇ ಇಲ್ಲ. ಅಕ್ಕ ಉಳಿದಳು, ಕೂಸು ಉಳಿಯಿತು ಎಂದುಕೊಂಡು ಅಕ್ಕನ ಬೆನ್ನಿಗೆ ಅಂಟಿ ಮಲಗಿಬಿಟ್ಟೆ.

ಬೆಳಕು ಹರಿಯುತ್ತಲೇ ಆಯಿ ಎಲ್ಲರನ್ನೂ ಎಬ್ಬಿಸಿದಳು. ಪಕ್ಕದ ಮನೆಯವರು ಮದುವೆಗೆ ಹೋಗಿಲ್ಲ, ಅವರು ಹೋದದ್ದು ಹೊಲಕ್ಕೆ, ನಾವೂ ಇವತ್ತೇ ಹೊರಬೀಳಬೇಕು ಎಂದಳು. ಅಪ್ಪ ಎರಡು ಮಾತಾಡಲಿಲ್ಲ. ಒಲೆಗೆ ನೀರು ಹಾಕಿದೆವು. ಆಕಳು ಕರುವನ್ನು ಗಾಡಿಯ ಹಿಂದೆ ಕಟ್ಟಿಕೊಂಡು, ಜೋಳದ ದಂಟಿನ ಗುಡಿಸಲು ಹಾಕಿಕೊಂಡು ಹೊಲದಲ್ಲಿ ಕೂತೆವು. ಎರಡು ದಿನ ಕಳೆಯುವಷ್ಟರಲ್ಲಿ ಅರ್ಧ ಊರು ನಮ್ಮ ಸುತ್ತಮುತ್ತ ಗುಡಿಸಲು ಹಾಕಿತ್ತು. ದೂರದಿಂದ ಊರು ಕಾಣುತ್ತಿತ್ತು. ಒಂದು ಮನೆಯಿಂದಲೂ ಹೊಗೆ ಏಳುತ್ತಿರಲಿಲ್ಲ. ನಾಯಿಗಳು ಮಾತ್ರ ಅಲ್ಲೇ ಉಳಿದು ಬೊಗಳುತ್ತಿದ್ದವು.

ನಾನು ದಿನಕ್ಕೆ ಹತ್ತು ಸಲ ಅಕ್ಕನ ಹಣೆ ಮುಟ್ಟುತ್ತಿದ್ದೆ, ಕೂಸಿನ ಕಂಕುಳು ತಡವುತ್ತಿದ್ದೆ. 'ಏನ ಹುಡುಗೀ, ಕಚಗುಳಿ ಇಡಬ್ಯಾಡ ಅದಕ್ಕ' ಎಂದು ಅಕ್ಕ ಗದರುತ್ತಿದ್ದಳು. ನಾನು ಹುಡುಕುತ್ತಿದ್ದದ್ದು ಗಂಟು. ಆ ಬೇನೆಗೆ ಮೊದಲು ಜ್ವರ, ಆಮೇಲೆ ಕಂಕುಳಲ್ಲೋ ತೊಡೆಯ ಸಂದಿಯಲ್ಲೋ ಗಂಟು ಎಂದು ಎಲ್ಲರೂ ಪಿಸುಗುಡುತ್ತಿದ್ದುದನ್ನು ಕೇಳಿದ್ದೆ.

ನಾಲ್ಕನೆಯ ದಿನ ಆಯಿಗೆ ಜ್ವರ ಬಂತು.

ಅವಳೇ ಎದ್ದು, ನಮ್ಮಿಂದ ಐವತ್ತು ಹೆಜ್ಜೆ ದೂರದ ಬನ್ನಿಗಿಡದ ಕೆಳಗೆ ಹೋಗಿ ಕೂತು, ಇಲ್ಲಿ ನನಗೆ ಬೇರೆ ಗುಡಿಸಲು ಹಾಕಿರಿ ಎಂದಳು. ಅಪ್ಪ ಹತ್ತಿರ ಹೋದರೆ ಕಲ್ಲು ತೋರಿಸಿ ಹೆದರಿಸಿದಳು. ಕೊಪ್ಪಳದಿಂದ ದವಾಖಾನೆಯವರನ್ನು ಕರೆತರುತ್ತೇನೆ ಎಂದು ಅಪ್ಪ ಹೋದ. ಅವರು ಬಂದು ನಮಗೆಲ್ಲ ಸೂಜಿ ಚುಚ್ಚಿದರು. ಆಯಿಯನ್ನು ನೋಡಿ ಸುಮ್ಮನೆ ತಲೆ ಅಲ್ಲಾಡಿಸಿದರು. ಅಪ್ಪ ಅವರನ್ನು ಗಾಡಿಯಲ್ಲಿ ಮರಳಿ ಬಿಡಲು ಹೋದಾಗ ಅವ್ವ ಹೊಲದ ಬಾವಿಯ ಹತ್ತಿರ ಬಟ್ಟೆ ಕುದಿಸುತ್ತಿದ್ದಳು. ನೀರಿನ ತಂಬಿಗೆಯನ್ನು ಗಿಡದಿಂದ ಈಚೆಗೇ ಇಟ್ಟು ಬರುವುದು ನನ್ನ ಕೆಲಸ. ಇಟ್ಟೆ. ಆದರೆ ತಿರುಗಿ ಬರಲು ಕಾಲು ಬರಲಿಲ್ಲ.

'ಆಯಿ' ಎಂದೆ. 'ನಾ ಇಲಿ ನೋಡಿದ್ದೆ.'

ಗುಡಿಸಲಿನ ಒಳಗೆ ಆಯಿ ಒಂದು ಮೊಳಕೈ ಊರಿ ಎದ್ದಳು. ಅವಳ ಕಣ್ಣುಗಳು ಕೆಂಪಗಿದ್ದವು.

'ನೀ ಎಷ್ಟು ನೋಡಿ?'

'ಒಂದು.'

'ನಾ ಹಿಂದಿನ ದಿನಾನ ಎರಡು ನೋಡೀನಿ. ಅದ ತಿಪ್ಯಾಗ ಹುಗದು ಬಂದೀನಿ. ಅಕೀ ಬರ್ಲಿ ಅಂತ ಬಾಯಿ ಮುಚ್ಚಿಕೊಂಡಿದ್ದೆ. ತಪ್ಪು ನಂದು, ತಿಳೀತಿಲ್ಲೋ? ನೀ ನೋಡೂದರಾಗ ಎಲ್ಲಾ ಆಗಿ ಹೋಗಿತ್ತು.'

'ಖರೇನ, ಆಯಿ?'

'ಸಾಯಾಕಿ ಸುಳ್ಳು ಹೇಳ್ತಾಳೇನು? ನಿಮ್ಮಪ್ಪಗ ಹೇಳಬ್ಯಾಡ. ತಮ್ಮನ ಸಂಕಟಾನ ಅವಗ ಇನ್ನೂ ಹೋಗಿಲ್ಲ. ನನ್ನ ಮ್ಯಾಲೆ ಆಣಿ ಮಾಡು.'

ಆಣೆ ಮಾಡಿದೆ. ಅಷ್ಟಕ್ಕೇ ಎದೆಯ ಮೇಲಿನ ಕಲ್ಲು ಯಾರೋ ಎತ್ತಿಟ್ಟಂತಾಗಿ, ಆಯಿ ಸಾಯುತ್ತಿದ್ದಾಳೆ ಎಂಬುದು ಕಣ್ಣೆದುರೇ ಇದ್ದರೂ, ಹಗುರಾಗಿ ಓಡಿ ಬಂದೆ. ಮರುದಿನ ಮಧ್ಯಾಹ್ನ ಆಯಿ ಹೋದಳು. ಅಕ್ಕನಿಗೆ, ಕೂಸಿಗೆ ಏನೂ ಆಗಲಿಲ್ಲ.

ನಾವು ಊರಿಗೆ ಮರಳಿದಾಗ ಚಳಿಗಾಲ ಮುಗಿದು ಬಿಸಿಲು ಏರಿತ್ತು. ಬೇಸಿಗೆಯಲ್ಲಿ ತಿಪ್ಪೆ ಅಗೆದು ಗೊಬ್ಬರವನ್ನು ಹೊಲಕ್ಕೆ ಹೊಡೆಯುವುದು ವಾಡಿಕೆ. ಅಪ್ಪ ಸಲಿಕೆ ಹಿಡಿದ. ಇಲಿಯೇ ಬೀಳದ ಮನೆಗೆ ಬೇನೆ ಹೇಗೆ ಬಂತು ಎಂದು ಅವನು ಆಗಲೂ ಕೇಳಿಕೊಳ್ಳುತ್ತಿದ್ದ, ಸಾಯುವವರೆಗೂ ಕೇಳಿಕೊಂಡ. ನಾನು ಎರಡು ದಿನ ತಿಪ್ಪೆಯ ಅಂಚಿನಲ್ಲಿ ನಿಂತು ಪ್ರತಿ ಬುಟ್ಟಿಯನ್ನೂ ನೋಡಿದೆ. ಬೂದಿಯ ಪದರು ಬಂದಾಗ, ನಾನೇ ತುಂಬುತ್ತೇನೆ ಎಂದು ಬುಟ್ಟಿ ಕಸಿದುಕೊಂಡು ಕೈಯಿಂದ ಕೆದಕಿದೆ. ಒಂದು ಸಣ್ಣ ತಲೆಬುರುಡೆ, ಬಾಲದ ಮಣಿಮಣಿ ಎಲುಬು ಸಿಕ್ಕವು. ಅವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ. ಆಮೇಲೆ ತಿಪ್ಪೆಯ ಉಳಿದ ಗೊಬ್ಬರವನ್ನೆಲ್ಲ ತಳದ ಮಣ್ಣು ಕಾಣುವವರೆಗೂ ಬೆರಳಾಡಿಸಿ ಹುಡುಕಿದೆ.

ಆಯಿ ಹುಗಿದೆನೆಂದ ಎರಡು ಇಲಿ ಅಲ್ಲಿ ಇರಲೇ ಇಲ್ಲ.